ಬ್ಯಾಕ್‌ಲ್ಯಾಶ್ ಸರಿಯಾಗಿದ್ದರೂ ಕ್ರೌನ್ ವೀಲ್‌ನ ಹಲ್ಲಿನ ನೆತ್ತಿಯಲ್ಲೇ ಗುರುತು ಬೀಳುತ್ತಿದೆ, ಏನು ಮಾಡಲಿ?

ನೀವು ಹಿಂಬದಿಯ ಆಕ್ಸಲ್‌ಗೆ ಹೊಸ ಕ್ರೌನ್ ವೀಲ್ (ದೊಡ್ಡ ಹಲ್ಲುಚಕ್ರ) ಮತ್ತು ಪಿನಿಯನ್ (ಅದನ್ನು ತಿರುಗಿಸುವ ಸಣ್ಣ ಹಲ್ಲುಚಕ್ರ) ಕೂರಿಸಿದ್ದೀರಿ. ಬ್ಯಾಕ್‌ಲ್ಯಾಶ್, ಅಂದರೆ ಎರಡರ ಹಲ್ಲುಗಳ ನಡುವಿನ ಸಡಿಲ, 0.20 ಮಿ.ಮೀ. ಬಂದಿದೆ. ಬಣ್ಣ ಹಚ್ಚಿ ತಿರುಗಿಸಿದಾಗ ಗುರುತು ಹಲ್ಲಿನ ನೆತ್ತಿಯಲ್ಲಿ, ಉಬ್ಬಿದ ಬದಿಯಲ್ಲಿ ಹೊರ ಅಂಚಿನ ಕಡೆಗೂ ತಗ್ಗಿದ ಬದಿಯಲ್ಲಿ ಒಳ ಅಂಚಿನ ಕಡೆಗೂ ಬೀಳುತ್ತಿದೆ. ಕ್ರೌನ್ ವೀಲನ್ನು ಪಿನಿಯನ್ ಕಡೆಗೆ ಇನ್ನಷ್ಟು ಸರಿಸಿದರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ಪಿನಿಯನ್ನನ್ನು ಮತ್ತೆ ಹೊರತೆಗೆದು ಅದರ ಶಿಮ್ (ಅಂತರ ಹೊಂದಿಸುವ ತೆಳು ಬಿಲ್ಲೆ) ಬದಲಿಸಲೇಬೇಕು.

ಕಾರಣ ನೀವು ಬರೆದಿರುವ ಗುರುತಿನಲ್ಲೇ ಇದೆ. ಕ್ರೌನ್ ವೀಲನ್ನು ಪಿನಿಯನ್‌ಗೆ ಹತ್ತಿರ ತಂದರೆ ಎರಡೂ ಬದಿಯ ಗುರುತುಗಳು ಒಳ ಅಂಚಿನ ಕಡೆಗೇ ಸರಿಯುತ್ತವೆ, ಬುಡದ ಕಡೆಗೆ ಇಳಿಯುವುದು ಅಲ್ಪ. ಆಗ ಉಬ್ಬಿದ ಬದಿ ಸುಧಾರಿಸಿದಂತೆ ಕಂಡರೂ ಈಗಾಗಲೇ ಒಳ ಅಂಚಿನಲ್ಲಿರುವ ತಗ್ಗಿದ ಬದಿಯ ಗುರುತು ಇನ್ನೂ ಕೆಡುತ್ತದೆ, ಬ್ಯಾಕ್‌ಲ್ಯಾಶ್ ಕೂಡ ಮಿತಿಗಿಂತ ಕಡಿಮೆಯಾಗುತ್ತದೆ. ಪಿನಿಯನ್ನನ್ನು ಒಳಕ್ಕೆ, ಅಂದರೆ ಕ್ರೌನ್ ವೀಲ್‌ನ ಅಕ್ಷದ ಕಡೆಗೆ, ತಂದರೆ ಮಾತ್ರ ಗುರುತು ಎರಡೂ ಬದಿಯಲ್ಲಿ ಬುಡದತ್ತ ಇಳಿಯುತ್ತಾ, ಉಬ್ಬಿದ ಬದಿಯಲ್ಲಿ ಒಳಕ್ಕೂ ತಗ್ಗಿದ ಬದಿಯಲ್ಲಿ ಹೊರಕ್ಕೂ ಚಲಿಸುತ್ತದೆ. ಎರಡು ಬದಿಯ ಗುರುತುಗಳು ಹೀಗೆ ಒಂದಕ್ಕೊಂದು ಎದುರು ದಿಕ್ಕಿನಲ್ಲಿ ತಪ್ಪಿದ್ದರೆ ದೋಷ ಪಿನಿಯನ್‌ನ ಆಳದಲ್ಲಿದೆ ಎಂದೇ ನಾನು ತೀರ್ಮಾನಿಸುತ್ತೇನೆ. ಎರಡೂ ಒಂದೇ ಅಂಚಿಗೆ ಸರಿದಿದ್ದರೆ ಮಾತ್ರ ಕ್ರೌನ್ ವೀಲ್‌ನ ಕಡೆ ನೋಡುತ್ತೇನೆ.

ಪಿನಿಯನ್ ತಲೆಗೂ ಒಳಗಿನ ಬೇರಿಂಗ್‌ಗೂ ನಡುವೆ, ಅಥವಾ ಆ ಬೇರಿಂಗ್‌ನ ಕಪ್ಪಿನ (ಹೊರಬಳೆಯ) ಹಿಂದೆ ಶಿಮ್ ಇರುತ್ತದೆ. ಈ ಎರಡು ವಿನ್ಯಾಸಗಳಲ್ಲೂ ಶಿಮ್ ದಪ್ಪವಾದಷ್ಟೂ ಪಿನಿಯನ್ ಒಳಕ್ಕೆ ಹೋಗುತ್ತದೆ. ಮೊದಲಿಗೆ 0.10 ಮಿ.ಮೀ. ಸೇರಿಸಿ ನೋಡಿ. ಗುರುತು ನೆತ್ತಿಯಿಂದ ಬುಡಕ್ಕೆ ದಾಟಿಬಿಟ್ಟರೆ ಸರಿಯಾದ ಅಳತೆ ಆ ಎರಡು ಶಿಮ್‌ಗಳ ನಡುವೆಯೇ ಇದೆ ಎಂದಾಯಿತು. ಆಮೇಲೆ ಅಂತರವನ್ನು ಅರ್ಧರ್ಧ ಮಾಡುತ್ತಾ ಹೋದರೆ ಕೆಲಸ ಬೇಗ ಮುಗಿಯುತ್ತದೆ. ಪಿನಿಯನ್ ಒಳಬಂದಾಗ ಬ್ಯಾಕ್‌ಲ್ಯಾಶ್ ಕಡಿಮೆಯಾಗುವುದರಿಂದ ಪ್ರತಿ ಸಲವೂ ಕ್ರೌನ್ ವೀಲನ್ನು ಹಿಂದಕ್ಕೆ ಸರಿಸಿ ಅದನ್ನು ಮೊದಲಿನ ಅಳತೆಗೆ ತಂದು, ಅನಂತರವೇ ಬಣ್ಣ ಹಚ್ಚಬೇಕು. ಈ ಪ್ರಯೋಗಗಳ ಹಂತದಲ್ಲಿ ಹೊಸ ಬೇರಿಂಗನ್ನು ಮತ್ತೆ ಮತ್ತೆ ಒತ್ತಿ ಕೀಳುವ ಬದಲು, ಅದೇ ನಂಬರಿನ ಹಳೆಯ ಬೇರಿಂಗ್ ಒಂದರ ಒಳರಂಧ್ರವನ್ನು ತುಸು ಉಜ್ಜಿ, ಕೈಯಲ್ಲೇ ಜಾರುವಂತೆ ಮಾಡಿಟ್ಟುಕೊಳ್ಳುವುದು ಒಳ್ಳೆಯದು. ಕ್ರಶ್ ಸ್ಲೀವನ್ನೂ (ಪಿನಿಯನ್‌ನ ಎರಡು ಬೇರಿಂಗ್‌ಗಳ ನಡುವೆ ಕೂತು, ನಟ್ಟು ಬಿಗಿದಾಗ ಚಪ್ಪಟೆಯಾಗುವ ಕೊಳವೆ) ಆಗ ಹಾಕಬೇಡಿ.

ಬಣ್ಣದ ಪರೀಕ್ಷೆಯನ್ನು ಅವಸರದಲ್ಲಿ ಮಾಡುವವರೇ ಹೆಚ್ಚು. ಮೂರು ನಾಲ್ಕು ಹಲ್ಲುಗಳ ಎರಡೂ ಬದಿಗೆ ತೆಳ್ಳಗೆ ಬಣ್ಣ ಸವರಿ, ಪಿನಿಯನ್ ಫ್ಲ್ಯಾಂಜ್‌ಗೆ ಬಟ್ಟೆ ಸುತ್ತಿ ಬಿಗಿಯಾಗಿ ಹಿಡಿದು ತಡೆ ಕೊಡುತ್ತಾ, ಕ್ರೌನ್ ವೀಲ್‌ನ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಹಿಂದಕ್ಕೂ ಮುಂದಕ್ಕೂ ತಿರುಗಿಸಿ. ತಡೆಯಿಲ್ಲದೆ ತಿರುಗಿಸಿದರೆ ಗುರುತು ಮಸುಕಾಗಿರುತ್ತದೆ, ಅದನ್ನು ನಂಬಲಾಗದು. ಸರಿಯಾಗಿ ಮಾಡಿದಾಗ ಹಲ್ಲುಗಳು ಕೂಡಿದ ಜಾಗದಲ್ಲಿ ಬಣ್ಣ ಅಳಿಸಿ ಉಕ್ಕು ಹೊಳೆಯುತ್ತದೆ, ಆ ಜಾಗದ ಸುತ್ತ ಬಣ್ಣ ಸಣ್ಣ ಏರಿಯಂತೆ ಒತ್ತರಿಸಿ ನಿಲ್ಲುತ್ತದೆ. ಆ ಹೊಳಪು ನೆತ್ತಿಗೂ ಬುಡಕ್ಕೂ ಸರಿಸುಮಾರು ನಡುವೆ ಇರಬೇಕು, ಅದರ ಅಂಚು ಮೆಲ್ಲನೆ ಮಾಸುತ್ತಾ ಹೋಗಬೇಕು. ನೆತ್ತಿಯ ಅಂಚಿನಲ್ಲಿ ಗೆರೆ ಎಳೆದಂತೆ ಚೂಪಾಗಿ ಕಂಡರೆ ಶಿಮ್ ಇನ್ನೂ ಸಾಲದು.

ಬ್ಯಾಕ್‌ಲ್ಯಾಶನ್ನು ಒಂದೇ ಹಲ್ಲಿನಲ್ಲಿ ನೋಡಿ ಬಿಡಬೇಡಿ. ಅನೇಕ ಆಕ್ಸಲ್‌ಗಳಲ್ಲಿ 0.15ರಿಂದ 0.25 ಮಿ.ಮೀ. ಇರಬೇಕಾಗುತ್ತದೆ, ನಿಮ್ಮ ಗಾಡಿಯ ಕೈಪಿಡಿ ಹೇಳುವುದೇ ಅಂತಿಮ. ಡಯಲ್ ಗೇಜಿನ ಮುಳ್ಳನ್ನು ಹಲ್ಲಿನ ಹೊರ ಅಂಚಿಗೆ ನೇರವಾಗಿ ತಾಗಿಸಿ ಸುತ್ತಲೂ ನಾಲ್ಕು ಕಡೆಯಾದರೂ ಅಳೆಯಿರಿ. ನನಗೆ ಒಮ್ಮೆ ಒಂದು ಕಡೆ 0.14, ಎದುರು ಬದಿಯಲ್ಲಿ 0.26 ಬಂದಿತ್ತು. ಕ್ರೌನ್ ವೀಲ್ ಬಿಚ್ಚಿ ಅದು ಕೂರುವ ಮುಖದ ಮೇಲೆ ಬೆರಳಾಡಿಸಿದಾಗ ಬೋಲ್ಟಿನ ರಂಧ್ರದ ಪಕ್ಕದಲ್ಲಿ ಉಗುರಿಗೆ ಮಾತ್ರ ಸಿಗುವಷ್ಟು ಸಣ್ಣ ಉಬ್ಬು ಇತ್ತು. ಅದನ್ನು ಎಣ್ಣೆಗಲ್ಲಿನಿಂದ ಉಜ್ಜಿ ತೆಗೆದ ಮೇಲೆ ಅಳತೆ ಸುತ್ತಲೂ ಒಂದೇ ಆಯಿತು.

ಗುರುತು ಸರಿಬಂದ ಬಳಿಕ ಹೊಸ ಬೇರಿಂಗ್ ಮತ್ತು ಹೊಸ ಕ್ರಶ್ ಸ್ಲೀವ್ ಹಾಕಿ ಪಿನಿಯನ್ ನಟ್ಟನ್ನು ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಪ್ರತಿ ಬಾರಿಯೂ ಪಿನಿಯನ್ ತಿರುಗಿಸಲು ಬೇಕಾದ ಬಲವನ್ನು ಸಣ್ಣ ಟಾರ್ಕ್ ವ್ರೆಂಚಿನಿಂದ ನೋಡಿ. ಹೊಸ ಬೇರಿಂಗ್‌ಗಳಿಗೆ ಸಾಮಾನ್ಯವಾಗಿ 1.6ರಿಂದ 2.3 ನ್ಯೂಟನ್ ಮೀಟರ್ ಇರುತ್ತದೆ. ಅದನ್ನು ಮೀರಿದರೆ ನಟ್ಟನ್ನು ಸಡಿಲಿಸಿ ಸರಿಮಾಡಲು ಹೋಗಬೇಡಿ. ಒಮ್ಮೆ ಚಪ್ಪಟೆಯಾದ ಸ್ಲೀವ್ ಹಿಂದಕ್ಕೆ ಬರುವುದಿಲ್ಲ, ಬೇರೆಯದನ್ನೇ ಹಾಕಬೇಕು. ಕೊನೆಗೆ ಇನ್ನೊಮ್ಮೆ ಬ್ಯಾಕ್‌ಲ್ಯಾಶ್ ಮತ್ತು ಗುರುತು ನೋಡಿಯೇ ಮುಚ್ಚಳ ಹಾಕಿ, ಜಿಎಲ್-5 ದರ್ಜೆಯ ಗೇರ್ ಎಣ್ಣೆ ತುಂಬಿ. ಮೊದಲ ಸಲ 20–25 ಕಿ.ಮೀ. ಹಗುರವಾಗಿ ಓಡಿಸಿ ಆಕ್ಸಲ್ ಪೂರ್ತಿ ತಣ್ಣಗಾಗಲು ಬಿಡಿ. ಸುಮಾರು 800 ಕಿ.ಮೀ. ಆಗುವವರೆಗೆ ಭಾರ ಎಳೆಯದೆ, ಆ ಬಳಿಕ ಎಣ್ಣೆ ಬದಲಿಸಿ.