ಅರ್ಧ ಮುಗಿದ ಸಂಶೋಧನೆಯನ್ನು ಹಂಚಿಕೊಳ್ಳುವುದು ಹೇಗೆ?

ಪ್ರಶ್ನೆ: ಮೈಸೂರು ಸಂಸ್ಥಾನದ ರೈತರು ಎದ್ದ 1830–31ರ ನಗರ ದಂಗೆಯ ಬಗ್ಗೆ ಬರೆಯುತ್ತಿದ್ದೇನೆ. ಎರಡು ಅಧ್ಯಾಯ ಅರೆಬರೆಯಾಗಿವೆ. ಸಹೋದ್ಯೋಗಿಗಳಿಗೆ ಈಗಲೇ ಕೊಡಬಹುದೇ? ತಪ್ಪುಗಳು ಹಾಗೇ ಹರಡಿಬಿಟ್ಟರೆ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಈಗಲೇ ಕೊಡಿ. ಎಲ್ಲ ಮುಗಿಸಿ ಕೊಟ್ಟರೆ ಓದಿದವರು ಕಾಗುಣಿತ ತಿದ್ದುತ್ತಾರೆಯೇ ಹೊರತು ವಾದಕ್ಕೆ ಕೈ ಹಾಕುವುದಿಲ್ಲ. ಆದರೆ ಇಡೀ ಕಟ್ಟು ಬೇಡ. ಎಂಟು–ಹತ್ತು ಪುಟ ಸಾಕು, ಜೊತೆಗೆ ನಿಮ್ಮನ್ನು ಕಾಡುತ್ತಿರುವ ಎರಡು–ಮೂರು ಪ್ರಶ್ನೆ. ‘ಹೇಗಿದೆ ನೋಡಿ’ ಎಂದರೆ ‘ಚೆನ್ನಾಗಿದೆ’ ಎಂದಷ್ಟೇ ಹೇಳಿ ವಾಪಸು ಕೊಡುತ್ತಾರೆ. ಪ್ರತಿ ಪುಟದ ತಲೆಯಲ್ಲಿ ತಾರೀಖು ಮತ್ತು ‘ಕರಡು, ಉಲ್ಲೇಖಿಸಬೇಡಿ’ ಎಂದಿರಲಿ.

ಮೂಲದಲ್ಲಿ ಕಂಡದ್ದನ್ನೂ ನಾವು ಊಹಿಸಿದ್ದನ್ನೂ ಒಂದೇ ದನಿಯಲ್ಲಿ ಬರೆದಾಗ ತಪ್ಪು ಹರಡುತ್ತದೆ. ಅಂಚಿನಲ್ಲಿ ಗುರುತು ಹಾಕಿ: ಕಣ್ಣಾರೆ ನೋಡಿದ ದಾಖಲೆಗೆ ‘ಮೂ’, ಬೇರೆಯವರ ಪುಸ್ತಕದಿಂದ ಎತ್ತಿದ್ದಕ್ಕೆ ‘ಪು’, ಊಹೆಗೆ ‘ಊ’. ನಿಮ್ಮ ವಿಷಯಕ್ಕಂತೂ ಇದು ಬೇಕೇಬೇಕು. ದಂಗೆಯ ನಾಯಕ ಬೂದಿ ಬಸವಪ್ಪನ ಬಗ್ಗೆ ಓದುವ ಎಷ್ಟೋ ಸಂಗತಿಗಳು ಬ್ರಿಟಿಷರ ವಿಚಾರಣಾ ಸಮಿತಿಯ 1833ರ ವರದಿಯಿಂದ ಬಂದವು. ಮೈಸೂರಿನ ಅರಸ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಬ್ರಿಟಿಷರಿಗೆ ಹೋದದ್ದು 1831ರಲ್ಲಿ. ಹೋದ ಮೇಲೆ ಅದಕ್ಕೆ ಕಾರಣ ಹುಡುಕುತ್ತ ಬರೆದ ವರದಿಯನ್ನೂ, ರೈತರು ಕೂಟ ಸೇರಿದ್ದಾಗಲೇ ಬರೆದ ಅರ್ಜಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ತಾರೀಖಿನಲ್ಲಿ ಎಡವುವವರೇ ಹೆಚ್ಚು. ವಿಕೃತಿ ಸಂವತ್ಸರ ಎಂದು ಕಂಡ ಕೂಡಲೇ 1830 ಎಂದು ಬರೆದುಬಿಡುತ್ತಾರೆ. ಅದು 1831ರ ಯುಗಾದಿಯವರೆಗೂ ನಡೆಯಿತು. ಮಾಘ, ಫಾಲ್ಗುಣದ ಕಾಗದಗಳು 1831ರವು. ಒಂದು ಕಾಗದ ವರ್ಷ ಹಿಂದೆ ಸರಿದರೂ ಯಾವುದು ಕಾರಣ, ಯಾವುದು ಪರಿಣಾಮ ಎಂಬುದೇ ತಲೆಕೆಳಗಾಗುತ್ತದೆ. ಮೂಲದ ಸಂವತ್ಸರ, ಮಾಸ, ತಿಥಿಯನ್ನು ಇದ್ದಂತೆಯೇ ಬರೆದು ಪಕ್ಕದಲ್ಲಿ ಇಂಗ್ಲಿಷ್ ತಾರೀಖು ಕೊಡಿ. ಹಾಗೆಯೇ ‘ನಗರ’ ಎಂದಾಗ ಹೊಸನಗರ ತಾಲ್ಲೂಕಿನ ಹಳೆಯ ಬಿದನೂರೋ, ಇಡೀ ನಗರ ಫೌಜುದಾರಿಯೋ (ಅಂದಿನ ಆಡಳಿತ ವಿಭಾಗ) ಎಂದು ಪ್ರತಿ ಸಲವೂ ಬಿಡಿಸಿ ಹೇಳಿ.

ಕಡತದ (ಮಡಿಸಿದ ಕಪ್ಪು ಬಟ್ಟೆಯ ಹಳೆಯ ಲೆಕ್ಕಪುಸ್ತಕ) ಮೋಡಿ ಬರಹ, ಅಂದರೆ ಕೂಡಿಸಿ ಬರೆದ ಓಟದ ಲಿಪಿ, ಉದ್ಧರಿಸಿದ್ದರೆ ಆ ಸಾಲಿನ ಫೋಟೋವನ್ನೂ ಸೇರಿಸಿ. ಮೋಡಿ ಬಲ್ಲ ಇನ್ನೊಬ್ಬರು ಓದಿ ನೋಡಲಿ. ಕಪ್ಪು ಬಟ್ಟೆಯ ಮೇಲಿನ ಬಳಪದ ಅಕ್ಷರ ಅಂಗೈ ತಾಗಿದರೂ ಅಳಿಸೀತು. ಹಾಳೆ ಉಜ್ಜದೆ, ಪಕ್ಕದಿಂದ ಓರೆಯಾಗಿ ಬೆಳಕು ಬಿಟ್ಟು ತೆಗೆಯಿರಿ. ಕಡತ ಇಟ್ಟುಕೊಂಡ ಮನೆಯವರು ಓದಲಷ್ಟೇ ಒಪ್ಪಿದ್ದರೆ ಫೋಟೋ ಯಾರಿಗೂ ಕಳಿಸಬೇಡಿ.

ಪ್ರಶ್ನೆ: ನಾನು ಹುಡುಕಿದ್ದನ್ನು ಬೇರೆಯವರು ಮೊದಲೇ ಪ್ರಕಟಿಸಿಬಿಟ್ಟರೆ?
– ಸಾಗರ

ಉತ್ತರ: ಕರಡನ್ನು ಇಮೇಲ್‌ನಲ್ಲೇ ಕಳಿಸಿ, ತಾರೀಖು ಸಮೇತ ದಾಖಲೆ ಉಳಿಯುತ್ತದೆ. ಕದ್ದಾರೆಂದು ಮೂಲ ದಾಖಲೆಯ ಫೈಲ್ ಸಂಖ್ಯೆ ಮುಚ್ಚಿಡಬೇಡಿ. ಸಂಖ್ಯೆ ಇಲ್ಲದಿದ್ದರೆ ಮೂಲ ತೆರೆದು ನಿಮ್ಮ ತಪ್ಪು ತೋರಿಸಲು ಯಾರಿಗೂ ಆಗದು.