ಓದು-ಉದ್ಯೋಗ: ಸೀಟು ಆರಿಸುವ ಮುನ್ನ ಮಾಡಬೇಕಾದ ಲೆಕ್ಕಗಳು

ಪ್ರಶ್ನೆ: ಮಗಳು ಎಸ್ಸೆಸ್ಸೆಲ್ಸಿಯಲ್ಲಿ ಶೇ 74 ತೆಗೆದಿದ್ದಾಳೆ. ಮಷೀನು, ಡ್ರಾಯಿಂಗು ಅಂದರೆ ಇಷ್ಟ, ಡಿಪ್ಲೊಮಾಗೆ ಸೇರುತ್ತೇನೆ ಅನ್ನುತ್ತಾಳೆ. ‘ಇಷ್ಟು ಮಾರ್ಕ್ಸ್ ಬಂದ ಮೇಲೂ ಡಿಪ್ಲೊಮಾ ಯಾಕೆ, ಪಿಯು ಸೈನ್ಸ್ ಮಾಡಿಸಿ’ ಅಂತ ನೆಂಟರೆಲ್ಲ ಹೇಳುತ್ತಿದ್ದಾರೆ. ಯಾವುದು ಸರಿ?
– ತಂದೆ, ರಾಣೆಬೆನ್ನೂರು

ಉತ್ತರ: ವರ್ಷಗಳ ಲೆಕ್ಕದಲ್ಲಿ ಎರಡೂ ಒಂದೇ. ಪಿಯು 2 ವರ್ಷ, ಬಿಇ 4 ವರ್ಷ, ಒಟ್ಟು 6. ಡಿಪ್ಲೊಮಾ 3 ವರ್ಷ ಮುಗಿಸಿ ಡಿಸಿಇಟಿ (ಡಿಪ್ಲೊಮಾದವರ ಸಿಇಟಿ) ಬರೆದರೆ ಬಿಇ ಎರಡನೇ ವರ್ಷಕ್ಕೆ ನೇರ ಪ್ರವೇಶ. ಅಲ್ಲಿ 3 ವರ್ಷ, ಅದೂ ಒಟ್ಟು 6. ವ್ಯತ್ಯಾಸ ಗೊತ್ತಾಗುವುದು ಮನೆಯ ಕಷ್ಟಕ್ಕೋ ಇನ್ನೊಂದಕ್ಕೋ ಓದು ನಡುವೆ ನಿಂತಾಗ. ಪಿಯು ಮುಗಿಸಿ ನಿಂತವರ ಕೈಯಲ್ಲಿ ಕೆಲಸಕ್ಕೆ ಬೇಕಾದ ಕಸುಬು ಇರುವುದಿಲ್ಲ. ಡಿಪ್ಲೊಮಾ ಮುಗಿಸಿದವರು ಅಪ್ರೆಂಟಿಸ್ ಆಗಿ ಸೇರಬಹುದು, ರೈಲ್ವೆಯಂಥ ಕಡೆ ಜೂನಿಯರ್ ಎಂಜಿನಿಯರ್ ಹುದ್ದೆಗೆ ಅರ್ಜಿ ಹಾಕಬಹುದು.

ಮೆಡಿಕಲ್, ಬಿಎಸ್ಸಿ ನರ್ಸಿಂಗ್ ಕಡೆಗೆ ಒಂದಿಷ್ಟಾದರೂ ಮನಸ್ಸಿದ್ದರೆ ಮಾತ್ರ ಡಿಪ್ಲೊಮಾ ಬೇಡ. ಅದಕ್ಕೆ ಪಿಯು ಜೀವಶಾಸ್ತ್ರ ಬೇಕೇ ಬೇಕು.

ಡಿಪ್ಲೊಮಾ ಮಕ್ಕಳು ಎಡವುವುದು ಗಣಿತದಲ್ಲಿ. ಪಿಯುನವರು ಎರಡು ವರ್ಷ ಕ್ಯಾಲ್ಕುಲಸ್ ತಿಕ್ಕಿ ಬಂದಿರುತ್ತಾರೆ. ಡಿಪ್ಲೊಮಾದಲ್ಲಿ ಅದು ಅಷ್ಟು ಆಳಕ್ಕೆ ಹೋಗುವುದಿಲ್ಲ. ಲ್ಯಾಟರಲ್ ಎಂಟ್ರಿಯಲ್ಲಿ ಬಂದವರು ಬಿಇ ಮೂರನೇ ಸೆಮಿಸ್ಟರಿಗೆ ನೇರವಾಗಿ ಇಳಿಯುವುದರಿಂದ ಮೊದಲ ಹೊಡೆತ ಅಲ್ಲೇ. ಇಂಥವರಿಗಾಗಿಯೇ ವಿಟಿಯು (ತಾಂತ್ರಿಕ ವಿಶ್ವವಿದ್ಯಾಲಯ) ಹೆಚ್ಚುವರಿ ಗಣಿತದ ಪತ್ರಿಕೆ ಇಟ್ಟುಕೊಂಡು ಬಂದಿದ್ದರೂ ಅದೊಂದೇ ಸಾಲದು. ಡಿಪ್ಲೊಮಾ ಕೊನೆಯ ವರ್ಷದಲ್ಲಿ ದ್ವಿತೀಯ ಪಿಯು ಗಣಿತ ಪುಸ್ತಕದ ಡಿಫರೆನ್ಸಿಯೇಷನ್, ಇಂಟಿಗ್ರೇಷನ್, ಮ್ಯಾಟ್ರಿಕ್ಸ್ ಅಧ್ಯಾಯಗಳನ್ನು ಮಾಡಿ ಮುಗಿಸಲಿ.

ಮಷೀನಿನ ಮೇಲೆ ನಿಜಕ್ಕೂ ಆಸಕ್ತಿ ಇದ್ದರೆ ಸರ್ಕಾರಿ ಟೂಲ್ ರೂಮ್, ಅಂದರೆ ಜಿಟಿಟಿಸಿಯ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾವನ್ನೂ ನೋಡಿ. ಒಟ್ಟು 4 ವರ್ಷ, ಅದರಲ್ಲಿ ಕೊನೆಯ ವರ್ಷ ಕಾರ್ಖಾನೆಯಲ್ಲೇ ತರಬೇತಿ. ಶುರುವಿನಲ್ಲಿ ಕಬ್ಬಿಣದ ತುಂಡನ್ನು ವೈಸ್‌ಗೆ ಕಚ್ಚಿಸಿ, ಅರ ಹಾಕಿ ಉಜ್ಜಿ, ಮೂಲೆಮಟ್ಟಕ್ಕೆ ಹಿಡಿದು ನೋಡುವುದೇ ಕೆಲಸ. ಅಂಚಿನಲ್ಲಿ ಬೆಳಕು ತೂರಿದರೆ ಮತ್ತೆ ಉಜ್ಜಬೇಕು. ಅಳತೆಯೆಲ್ಲ ಮೈಕ್ರೋಮೀಟರಿನ 0.01 ಮಿ.ಮೀ. ಲೆಕ್ಕದಲ್ಲಿ. ಈ ತಾಳ್ಮೆ ಇಲ್ಲದವರು ಬೇಗ ಬೇಸತ್ತು ಬಿಡುತ್ತಾರೆ.

ಯಾವ ಕಾಲೇಜಾದರೂ ಸೇರುವ ಮುನ್ನ ವರ್ಕ್‌ಶಾಪ್ ಒಳಗೆ ಹೋಗಿ ನೋಡಿ. ಲೇತ್ ಕೆಳಗಿನ ಟ್ರೇನಲ್ಲಿ ಕಬ್ಬಿಣದ ಸುರುಳಿಚೂರು ಬಿದ್ದಿದ್ದರೆ ಪಾಠ ನಡೆಯುತ್ತಿದೆ ಎಂದರ್ಥ. ಮಷೀನಿನ ಬಣ್ಣ ಹೊಸದಾಗಿದ್ದು ಹ್ಯಾಂಡಲ್ ಮೇಲೆ ಧೂಳು ಕೂತಿದ್ದರೆ ಇನ್ನೊಂದು ಕಾಲೇಜು ನೋಡಿ.

ಪ್ರಶ್ನೆ: ದ್ವಿತೀಯ ಪಿಯು ಓದುತ್ತಿದ್ದೇನೆ. ಕೋಚಿಂಗ್‌ನವರು ಸಿಇಟಿ ಮುಖ್ಯ ಅನ್ನುತ್ತಾರೆ, ಕಾಲೇಜಿನವರು ಬೋರ್ಡ್ ಪರೀಕ್ಷೆ ಮುಖ್ಯ ಅನ್ನುತ್ತಾರೆ. ಎಂಜಿನಿಯರಿಂಗ್ ರ‍್ಯಾಂಕಿಗೆ ಯಾವುದಕ್ಕೆ ಹೆಚ್ಚು ತೂಕ?
– ವಿದ್ಯಾರ್ಥಿ, ತಿಪಟೂರು

ಉತ್ತರ: ಎರಡಕ್ಕೂ ಅರ್ಧರ್ಧ, ಆದರೆ ಒಂದೊಂದು ಅಂಕದ ಬೆಲೆ ಬೇರೆ ಬೇರೆ. ಪಿಯುವಿನ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಸೇರಿ 300. ಸಿಇಟಿಯಲ್ಲಿ ತಲಾ 60ರಂತೆ 180. ಪಿಯುವಿನ ಒಂದು ಅಂಕ ನಿಮ್ಮ ಒಟ್ಟು ಶೇಕಡಾಕ್ಕೆ ಸೇರಿಸುವುದು 0.167, ಸಿಇಟಿಯ ಒಂದು ಸರಿಯುತ್ತರ ಸೇರಿಸುವುದು 0.278. ಅಂದರೆ ಸಿಇಟಿಯ 3 ಪ್ರಶ್ನೆ ಪಿಯುವಿನ 5 ಅಂಕಕ್ಕೆ ಸಮ. ಕಾಲೇಜಿನ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಆಗಲೇ 300ಕ್ಕೆ 270 ಬರುತ್ತಿದ್ದರೆ ಅಲ್ಲಿ ಹೆಚ್ಚಿಸಿಕೊಳ್ಳಲು ಉಳಿದಿರುವುದೇ ಕಡಿಮೆ, ಸಿಇಟಿ ಕಡೆ ತಿರುಗಿ. ಪಿಯು 200ರ ಆಸುಪಾಸಿನಲ್ಲಿದ್ದರೆ ಮೊದಲು ಬೋರ್ಡ್ ಪುಸ್ತಕ ಮುಗಿಸಿ. ಅಡಿಪಾಯವಿಲ್ಲದೆ ಬರೇ ಎಂಸಿಕ್ಯೂ ತಿರುವಿ ಹಾಕಿದರೆ ಎರಡೂ ಕೈಕೊಡುತ್ತವೆ. ಸಿಇಟಿಯಲ್ಲಿ ಒಂದು ವಿಷಯಕ್ಕೆ 80 ನಿಮಿಷ, ಪ್ರಶ್ನೆಗೆ 80 ಸೆಕೆಂಡ್. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಓಎಂಆರ್‌ನಲ್ಲಿ ಒಂದನ್ನೂ ಖಾಲಿ ಬಿಡಬೇಡಿ.

ಪ್ರಶ್ನೆ: ಮಗನಿಗೆ ಸಿಇಟಿ ರ‍್ಯಾಂಕ್ ಬಂದಿದೆ. ಆಪ್ಷನ್ ಎಂಟ್ರಿಯಲ್ಲಿ (ಕಾಲೇಜುಗಳ ಆದ್ಯತಾ ಪಟ್ಟಿಯಲ್ಲಿ) ಸಿಗುವ ಕಾಲೇಜನ್ನು ಮೇಲೆ ಹಾಕಬೇಕೋ, ಬೇಕಾದ ಕಾಲೇಜನ್ನೋ? ಸೈಬರ್ ಸೆಂಟರಿನವರು ‘ಗ್ಯಾರಂಟಿ ಇರೋದನ್ನ ಮೊದಲು ಹಾಕಿ’ ಅನ್ನುತ್ತಾರೆ.
– ತಾಯಿ, ಚಿಕ್ಕಬಳ್ಳಾಪುರ

ಉತ್ತರ: ಪ್ರತಿವರ್ಷ ಮಕ್ಕಳ ಸೀಟು ಹಾಳಾಗುವುದು ಈ ಒಂದು ಸಲಹೆಯಿಂದಲೇ. ಸೀಟು ಹಂಚುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಕಂಪ್ಯೂಟರ್ ಮಾಡುವುದು ಇಷ್ಟೇ: ರ‍್ಯಾಂಕ್ ಕ್ರಮದಲ್ಲಿ ಒಬ್ಬೊಬ್ಬರ ಪಟ್ಟಿ ತೆಗೆದು, 1ನೇ ಆಪ್ಷನ್‌ನಿಂದ ಕೆಳಗಿಳಿಯುತ್ತಾ, ಸೀಟು ಖಾಲಿ ಇರುವ ಮೊದಲ ಕಡೆ ನಿಲ್ಲಿಸುತ್ತದೆ. ಅದರ ಕೆಳಗಿನ ಆಪ್ಷನ್‌ಗಳೆಲ್ಲ ಅಲ್ಲಿಗೆ ರದ್ದು. ‘ಗ್ಯಾರಂಟಿ’ ಕಾಲೇಜನ್ನು 1ರಲ್ಲಿ ಹಾಕಿದರೆ ಅದೇ ಸಿಗುತ್ತದೆ, 2ರಲ್ಲಿದ್ದ ಒಳ್ಳೆಯ ಕಾಲೇಜಿನಲ್ಲಿ ಸೀಟಿದ್ದರೂ ನಿಮಗಿಲ್ಲ. ಸಿಗುವುದು ಅನುಮಾನ ಅನ್ನಿಸುವ ಕಾಲೇಜನ್ನು ಮೇಲೆ ಹಾಕಿದರೆ ನಷ್ಟವೇನೂ ಇಲ್ಲ. ಸಿಗದಿದ್ದರೆ ಕಂಪ್ಯೂಟರ್ ಮುಂದಿನದಕ್ಕೆ ಇಳಿಯುತ್ತದೆ.

ಪಟ್ಟಿ ಮಾಡುವಾಗ ಹಿಂದಿನ ವರ್ಷಗಳ ಕಟ್‌ಆಫ್ ತೆಗೆದು ನಿಮ್ಮ ಮೀಸಲಾತಿ ಕೋಡ್‌ನ ಕಾಲಂ ಮಾತ್ರ ನೋಡಿ. ಮಗ 2ಎ ಪ್ರವರ್ಗದವನಾಗಿದ್ದರೆ 2ಎಜಿ. 1ರಿಂದ 10ರವರೆಗೆ ಗ್ರಾಮೀಣ ಶಾಲೆಯಲ್ಲಿ ಓದಿದ್ದರೆ 2ಎಆರ್, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ 2ಎಕೆ. ಜಿಎಂ (ಸಾಮಾನ್ಯ ಅರ್ಹತೆ) ಕಾಲಂ ನೋಡಿ ‘ಇದು ನಮಗೆ ಸಿಗಲ್ಲ’ ಎಂದು ಕೈಬಿಡುವವರೇ ಹೆಚ್ಚು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳ 371ಜೆ (ಕಲ್ಯಾಣ ಕರ್ನಾಟಕ ಮೀಸಲಾತಿ) ಪ್ರಮಾಣಪತ್ರ ಇರುವವರಿಗೆ ಕಟ್‌ಆಫ್ ಪಟ್ಟಿಯೇ ಬೇರೆ. ಈ ಮೀಸಲಾತಿಗಳನ್ನೆಲ್ಲ ಅರ್ಜಿ ಹಾಕುವಾಗಲೇ ಕೇಳಿಕೊಂಡಿರಬೇಕು. ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಹೊಡೆದಾಗ ಬರುವ ಹೆಸರಿಗೂ ಅಂಕಪಟ್ಟಿಯ ಹೆಸರಿಗೂ ತಾಳೆಯಾಗದಿದ್ದರೆ ತೊಂದರೆ ಶುರುವಾಗುವುದು ಅಲ್ಲಿಂದ. ಮುಂದಿನ ವರ್ಷ ಅರ್ಜಿ ಹಾಕುವವರು ನಾಡಕಚೇರಿಯ ಕೆಲಸವನ್ನು ಈಗಲೇ ಮುಗಿಸಿಕೊಳ್ಳಿ.

ಸೀಟು ಸಿಕ್ಕರೂ ಹೋಗುವುದಿಲ್ಲ ಎನ್ನುವ ಕಾಲೇಜನ್ನು ಪಟ್ಟಿಯಲ್ಲಿ ಎಲ್ಲೂ ಹಾಕಬೇಡಿ. ಅಣಕು ಹಂಚಿಕೆ ಬಂದಾಗ ಅದು ನಿಜವಾದ ಸೀಟಲ್ಲ ಎಂಬುದು ನೆನಪಿರಲಿ. ಅದನ್ನು ನೋಡಿ ಎಲ್ಲರೂ ಪಟ್ಟಿ ಬದಲಿಸುವುದರಿಂದ ನಿಜವಾದ ಸುತ್ತಿನಲ್ಲಿ ಕಟ್‌ಆಫ್ ಆಚೀಚೆ ಆಗುತ್ತದೆ.

ಸೀಟು ಬಂದ ಮೇಲೆ ನಾಲ್ಕು ಚಾಯ್ಸ್. 1 ಅಂದರೆ ಒಪ್ಪಿಗೆ, ಇಲ್ಲಿಗೆ ಮುಗಿಯಿತು. 2 ಅಂದರೆ ಸೀಟು ಇರಲಿ, ಮೇಲಿನದಕ್ಕೂ ನೋಡುತ್ತೇನೆ. 3 ಅಂದರೆ ಈ ಸೀಟು ಬೇಡ, ಮುಂದಿನ ಸುತ್ತಿಗೆ ಬರುತ್ತೇನೆ. 4 ಅಂದರೆ ಹೊರಗೆ. ಚಾಯ್ಸ್ 2ರಲ್ಲಿ ಮೇಲಿನ ಸೀಟು ಸಿಕ್ಕ ಕೂಡಲೇ ಮೊದಲಿನದು ತಾನಾಗಿ ರದ್ದಾಗುತ್ತದೆ, ಹಿಂದಕ್ಕೆ ಬರುವ ಹಾಗಿಲ್ಲ. ಆದ್ದರಿಂದ 2 ಒತ್ತುವ ಮುನ್ನ ಮೇಲಿನ ಆಪ್ಷನ್‌ಗಳನ್ನು ಒಂದೊಂದಾಗಿ ಓದಿ, ಬೇಡ ಎನ್ನಿಸಿದ್ದನ್ನು ಅಳಿಸಿ. ಹಾಸ್ಟೆಲ್ ಖರ್ಚು, ಓಡಾಟ ಲೆಕ್ಕ ಹಾಕದೆ ಸೇರಿಸಿದ ದೂರದ ಕಾಲೇಜುಗಳು ಕಣ್ಣಿಗೆ ಬೀಳುವುದು ಆಗಲೇ. ಚಾಯ್ಸ್ 3 ಜೂಜು. ಕೈಯಲ್ಲಿದ್ದ ಸೀಟಿಗೆ ಸೇರುವ ಮನಸ್ಸು ಖಂಡಿತ ಇಲ್ಲದಿದ್ದರೆ ಮಾತ್ರ ಒತ್ತಿ. ಪಾಸ್‌ವರ್ಡ್, ಓಟಿಪಿ ಸೈಬರ್ ಸೆಂಟರಿನವರ ಬಳಿ ಬಿಡಬೇಡಿ.

ಪ್ರಶ್ನೆ: ಬಿಕಾಂ ಕೊನೆಯ ವರ್ಷ. ಈಗ ಸಿಎ ಶುರು ಮಾಡಿದರೆ ತಡವಾಯಿತೇ?
– ಓದುಗರು, ಶಿರಸಿ

ಉತ್ತರ: ಇಲ್ಲ. ಬಿಕಾಂನಲ್ಲಿ ಶೇ 55 ಇದ್ದರೆ ಮೊದಲ ಹಂತವಾದ ಫೌಂಡೇಷನ್ ಬಿಟ್ಟು ನೇರವಾಗಿ ಇಂಟರ್‌ಮೀಡಿಯೆಟ್‌ಗೆ ಸೇರಬಹುದು. ಬೇರೆ ಪದವಿಯವರಿಗೆ ಶೇ 60. ಎರಡು ಗುಂಪು, ಒಟ್ಟು 6 ಪತ್ರಿಕೆ. ಪ್ರತಿ ಪತ್ರಿಕೆಯಲ್ಲಿ ಶೇ 40, ಗುಂಪಿನ ಒಟ್ಟಿನಲ್ಲಿ ಶೇ 50 ಬೇಕು. ಬಹಳ ಮಂದಿ ಸೋಲುವುದು ಈ ಒಟ್ಟಿನ 50ರಲ್ಲಿ. ಆರ್ಟಿಕಲ್‌ಶಿಪ್ (ಸಿಎ ಬಳಿ ಪಡೆಯುವ ತರಬೇತಿ) 2023ರ ಹೊಸ ಪದ್ಧತಿಯಲ್ಲಿ 2 ವರ್ಷಕ್ಕೆ ಇಳಿದಿದೆ.

ಪ್ರಶ್ನೆ: ಬಿಇ ಓದಲು 6 ಲಕ್ಷ ಶಿಕ್ಷಣ ಸಾಲ ತೆಗೆಯಬೇಕೆಂದಿದ್ದೇನೆ. ಕೆಲಸ ಸಿಗುವವರೆಗೆ ಏನೂ ಕಟ್ಟಬೇಕಿಲ್ಲ ಅನ್ನುತ್ತಾರೆ, ನಿಜವೇ?
– ವಿದ್ಯಾರ್ಥಿನಿ, ಬಾಗಲಕೋಟೆ

ಉತ್ತರ: ಕಂತು ಕಟ್ಟಬೇಕಿಲ್ಲ, ಬಡ್ಡಿಯಂತೂ ಮೊದಲ ದಿನದಿಂದಲೇ ಏರುತ್ತದೆ. ವರ್ಷಕ್ಕೆ ಒಂದೂವರೆ ಲಕ್ಷದಂತೆ 4 ಸಲ ಬಿಡುಗಡೆ, ಶೇ 10 ಸರಳ ಬಡ್ಡಿ, ಓದು ಮುಗಿದು ಒಂದು ವರ್ಷದ ಬಿಡುವು ಎಂದುಕೊಳ್ಳಿ. ಮೊದಲ ಬಿಡುಗಡೆಗೆ 5 ವರ್ಷದ ಬಡ್ಡಿ 75 ಸಾವಿರ, ಎರಡನೆಯದಕ್ಕೆ 60, ಮೂರನೆಯದಕ್ಕೆ 45, ನಾಲ್ಕನೆಯದಕ್ಕೆ 30. ಒಟ್ಟು 2.10 ಲಕ್ಷ. ಹೀಗೆ ಇಎಂಐ ಶುರುವಾಗುವ ದಿನ ಸಾಲ 8.10 ಲಕ್ಷ ಆಗಿರುತ್ತದೆ, 10 ವರ್ಷಕ್ಕೆ ತಿಂಗಳಿಗೆ ಸುಮಾರು 10,700 ರೂಪಾಯಿ. ಓದುವಾಗಲೂ ಬಿಡುವಿನ ವರ್ಷದಲ್ಲೂ ಆಯಾ ತಿಂಗಳ ಬಡ್ಡಿ ಕಟ್ಟುತ್ತಾ ಬಂದರೆ (ಮೊದಲ ವರ್ಷ ತಿಂಗಳಿಗೆ 1,250, ನಾಲ್ಕನೇ ವರ್ಷದಿಂದ 5,000) ಇಎಂಐ ಸುಮಾರು 7,930ಕ್ಕೆ ನಿಲ್ಲುತ್ತದೆ.

ಸಾಮಾನ್ಯವಾಗಿ 4 ಲಕ್ಷದವರೆಗೆ ಜಾಮೀನು ಕೇಳುವುದಿಲ್ಲ, ಏಳೂವರೆ ಲಕ್ಷ ದಾಟಿದರೆ ಆಸ್ತಿ ಅಡಮಾನ ಕೇಳುತ್ತಾರೆ. ಅರ್ಜಿಯನ್ನು ವಿದ್ಯಾಲಕ್ಷ್ಮಿ ಪೋರ್ಟಲ್ ಮೂಲಕವೇ ಹಾಕಿ, ಅರ್ಜಿ ಎಲ್ಲಿಗೆ ಬಂತು ಎಂಬುದು ಅಲ್ಲಿ ಕಾಣುತ್ತದೆ. ಕುಟುಂಬದ ಆದಾಯ 8 ಲಕ್ಷದೊಳಗಿದ್ದರೆ ಆಪ್ಷನ್ ಎಂಟ್ರಿಯಲ್ಲಿ ಎಸ್‌ಎನ್‌ಕ್ಯು (ಹೆಚ್ಚುವರಿ ಕೋಟಾ) ಸೀಟುಗಳನ್ನೂ ನೋಡಿ. ಅವುಗಳಿಗೆ ಬೋಧನಾ ಶುಲ್ಕ ಇರುವುದಿಲ್ಲವಾದ್ದರಿಂದ ಸಾಲದ ಮೊತ್ತವೇ ಇಳಿಯುತ್ತದೆ.