ಬಂಧಿತನ ಹೆಸರು ಯಾಕೆ ಹಾಕಲಿಲ್ಲ?

ಸಂಪಾದಕರ ಉತ್ತರ

ಸೋಮವಾರಪೇಟೆ ಕಡೆಯ ಓದುಗರೊಬ್ಬರಿಂದ ನಾಲ್ಕು ಪುಟದ ಪತ್ರ ಬಂದಿದೆ. ಅವರ ಕಣದಲ್ಲಿ ಒಣಗಲು ಹಾಕಿದ್ದ ಕಾಫಿ ಒಂದೇ ರಾತ್ರಿಯಲ್ಲಿ ಏಳು ಮೂಟೆಯಷ್ಟು ಕಳುವಾಯಿತು. ಪಕ್ಕದ ತೋಟದ ಲೈನ್ ಮನೆಯ (ತೋಟದ ಕಾರ್ಮಿಕರ ಸಾಲು ಮನೆ) ಹುಡುಗನೊಬ್ಬನನ್ನು ಪೊಲೀಸರು ಬಂಧಿಸಿದರು. ನಾವು ಸುದ್ದಿ ಹಾಕಿದೆವು, ಅವನ ಹೆಸರು, ಫೋಟೊ ಹಾಕಲಿಲ್ಲ. ಓದುಗರ ಸಿಟ್ಟು ಇದಕ್ಕೇ. "ಪಾರದರ್ಶಕತೆ ಬೇಕು ಅಂತ ವಾರ ವಾರ ಬರೀತೀರಿ. ಕಳ್ಳನ ಮುಖ ಮಾತ್ರ ಮುಚ್ಚಿಡ್ತೀರಿ. ಹಕ್ಕು ಇರೋದು ಅವನಿಗೆ ಮಾತ್ರನಾ? ವರ್ಷವಿಡೀ ದುಡಿದ ನಮಗಿಲ್ವಾ?" ಎಂದು ಕೇಳಿದ್ದಾರೆ. ಲೈನ್ ಮನೆಗಳಲ್ಲಿ ಇರುವವರೆಲ್ಲರ ಫೋಟೊ, ಆಧಾರ್ ಪ್ರತಿಯನ್ನು ಪಂಚಾಯಿತಿ ಬೋರ್ಡಿಗೆ ಅಂಟಿಸಬೇಕು ಎಂದೂ ಬರೆದಿದ್ದಾರೆ. ಕೊನೆಯ ಪುಟದಲ್ಲಿ ಇನ್ನೆರಡು ಮಾತಿವೆ. ತಮ್ಮ ಹೆಸರು ಹಾಕಬಾರದಂತೆ. ಕಳುವಾದ ರಾತ್ರಿ ರಸ್ತೆಯಲ್ಲಿ ದೀಪ ಆರಿಸಿ ನಿಂತಿದ್ದ ಒಂದು ಪಿಕಪ್ ಗಾಡಿಯನ್ನು ನೋಡಿದ್ದರಂತೆ, ಆದರೆ ಪೊಲೀಸರಿಗೆ ಹೇಳಿಲ್ಲ. "ನನಗೀಗ 68. ಈ ವಯಸ್ಸಿನಲ್ಲಿ ಠಾಣೆ, ಕೋರ್ಟು ಅಂತ ಯಾರು ಅಲೀತಾರೆ?"

ನಮಸ್ಕಾರ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮಳೆ, ಕಾಡಾನೆ, ಕೊಯ್ಲಿಗೆ ಆಳು ಸಿಗದ ಕಷ್ಟ ಎಲ್ಲ ದಾಟಿ ಕಣದವರೆಗೆ ಬಂದ ಬೆಳೆ ಅದು. ಬೆಳಿಗ್ಗೆ ಎದ್ದು ನೋಡಿದಾಗ ಟಾರ್ಪಾಲು ಮಾತ್ರ ಬಿದ್ದಿದ್ದರೆ ಹೊಟ್ಟೆ ಉರಿಯದೆ ಇರುತ್ತಾ? ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೂ ನಾವು ಹೆಸರು ಹಾಕದೆ ಇದ್ದದ್ದು ಸರಿ ಎಂದೇ ನಂಬಿದ್ದೇನೆ.

ನಮ್ಮ ಕೊಡಗು ಜಿಲ್ಲೆಯಲ್ಲೇ ನಡೆದದ್ದನ್ನು ನೆನಪಿಸುತ್ತೇನೆ. ಕುಶಾಲನಗರ ತಾಲ್ಲೂಕಿನ ಒಬ್ಬ ಬಡ ಆದಿವಾಸಿ, ಹೆಂಡತಿ ಕಾಣೆಯಾಗಿದ್ದಾಳೆ ಎಂದು ತಾನೇ ದೂರು ಕೊಟ್ಟಿದ್ದ. ಪಕ್ಕದ ಮೈಸೂರು ಜಿಲ್ಲೆಯಲ್ಲಿ ಒಂದು ಅಸ್ಥಿಪಂಜರ ಸಿಕ್ಕಿತು. ಅದು ಅವಳದೇ, ಕೊಂದವನು ಗಂಡನೇ ಎಂದು ಪೊಲೀಸರು ಅವನನ್ನೇ ಜೈಲಿಗೆ ಹಾಕಿದರು. ಡಿಎನ್‌ಎ ವರದಿ ಬರುವ ಮೊದಲೇ ಚಾರ್ಜ್‌ಶೀಟ್ ಹೋಯಿತು. ಆಮೇಲೆ ಬಂದ ವರದಿಯಲ್ಲಿ ಡಿಎನ್‌ಎ ಹೊಂದಲಿಲ್ಲ. ವರ್ಷಕ್ಕೂ ಜಾಸ್ತಿ ಅವನು ಒಳಗಿದ್ದ. 2025ರ ಏಪ್ರಿಲ್‌ನಲ್ಲಿ ಆ ಹೆಂಗಸು ಮಡಿಕೇರಿಯ ಹೋಟೆಲೊಂದರಲ್ಲಿ ಅವನ ಗೆಳೆಯರ ಕಣ್ಣಿಗೆ ಬಿದ್ದಳು, ಜೀವಂತವಾಗಿ! ಮೈಸೂರಿನ ಸೆಷನ್ಸ್ ನ್ಯಾಯಾಲಯ ಅವನನ್ನು ಖುಲಾಸೆ ಮಾಡಿತು. 1 ಲಕ್ಷ ರೂಪಾಯಿ ಪರಿಹಾರ ಕೊಡಲು ಹೇಳಿತು. ಹೆಂಡತಿಯನ್ನು ಕೊಂದವನು ಎಂದು ಇಷ್ಟು ವರ್ಷ ಊರವರ ಬಾಯಲ್ಲಿ ಕೇಳಿಸಿಕೊಂಡದ್ದಕ್ಕೆ ಯಾವ ಪರಿಹಾರ ಸಾಕು, ಹೇಳಿ.

ನೀವು ಕೇಳಬಹುದು: ಎಫ್ಐಆರ್‌ನಲ್ಲಿ ಹೆಸರು ಇದ್ದೇ ಇರುತ್ತದಲ್ಲ? ಇರಬಹುದು. ಎಫ್ಐಆರ್ ಅನ್ನು 24 ಗಂಟೆಯೊಳಗೆ ಪೊಲೀಸ್ ವೆಬ್‌ಸೈಟಿಗೆ ಹಾಕಬೇಕು ಎಂದು 2016ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಅತ್ಯಾಚಾರದಂಥ ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು. ಆದರೆ ಎಫ್ಐಆರ್ ಏನು ಹೇಳುತ್ತದೆ? ನೀವು ಹೀಗೆ ದೂರು ಕೊಟ್ಟಿದ್ದೀರಿ ಎಂದು ಹೇಳುತ್ತದೆ, ಅಷ್ಟೇ. ಪೊಲೀಸರು ಅದನ್ನು ತಿದ್ದದ ಹಾಗೆ, ಮುಚ್ಚಿಡದ ಹಾಗೆ ನೋಡಿಕೊಳ್ಳೋದಕ್ಕೇ ಅದು ಎಲ್ಲರಿಗೂ ಕಾಣಬೇಕು. ನಾವು ಫೋಟೊ ಹಾಕಿದರೆ ಊರು ಅದನ್ನು ತೀರ್ಪು ಎಂದೇ ಓದುತ್ತದೆ. ನಾಳೆ ಅವನು ಖುಲಾಸೆಯಾದರೂ ಆಳುಗಳನ್ನು ನೋಡಿಕೊಳ್ಳುವ ಯಾವ ತೋಟದ ರೈಟರೂ ಅವನನ್ನು ಕೆಲಸಕ್ಕೆ ಕರೆಯುವುದಿಲ್ಲ.

ಆಧಾರ್ ಪ್ರತಿಯ ಮಾತು ನನಗೆ ಒಪ್ಪಿಗೆಯಿಲ್ಲ. ಮಾಲೀಕರು ಕಾರ್ಮಿಕರ ದಾಖಲೆ ಇಟ್ಟುಕೊಳ್ಳುವುದು ಬೇರೆ, ಬೋರ್ಡಿಗೆ ಅಂಟಿಸುವುದು ಬೇರೆ. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ 2017ರಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಸೇರಿ ಖಾಸಗಿತನ ಮೂಲಭೂತ ಹಕ್ಕು ಎಂದರು. ಅಸ್ಸಾಮಿನಿಂದ ಕೊಯ್ಲಿಗೆ ಬಂದವರಿಗೂ ಅದು ಇದೆ, ನಿಮಗೂ ಇದೆ. ನಿಮ್ಮ ಹೆಸರು ಹಾಕಬೇಡಿ ಎಂದಿರಿ, ನಾವು ಹಾಕಿಲ್ಲ. ಆ ಹುಡುಗನೂ ಇಷ್ಟನ್ನೇ ಕೇಳುತ್ತಿದ್ದನೇನೋ. ಅವನಿಗೆ ನಮಗೆ ಪತ್ರ ಬರೆಯುವ ದಾರಿ ಇರಲಿಲ್ಲ.

ಪಾರದರ್ಶಕತೆ ಕೇಳಬೇಕಾದ ಕಡೆ ಬೇರೆ ಇದೆ. ಅಲ್ಲಿ ಗಟ್ಟಿಯಾಗಿ ಕೇಳಿ. ಎಫ್ಐಆರ್ ಪ್ರತಿ ನಿಮಗೆ ಪುಕ್ಕಟೆ ಸಿಗಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ತನಿಖೆ ಎಲ್ಲಿಗೆ ಬಂತು ಎಂದು ಪೊಲೀಸರು 90 ದಿನದೊಳಗೆ ನಿಮಗೆ ತಿಳಿಸಬೇಕು. ತಿಳಿಸದಿದ್ದರೆ ಬರಹದಲ್ಲಿ ಕೇಳಿ, ಹಿಂಬರಹ (ಲಿಖಿತ ಉತ್ತರ) ಪಡೆಯಿರಿ. ಕೇಸು ಕೋರ್ಟಿಗೆ ಬಂದ ಮೇಲೆ ಆ ಕೇಸಿನದೇ ಗುರುತಾದ, 16 ಅಂಕಿ ಅಕ್ಷರಗಳ ಸಿಎನ್ಆರ್ ನಂಬರ್ ಸಿಗುತ್ತದೆ. ಅದನ್ನು ಇ-ಕೋರ್ಟ್ಸ್ ಆಪ್‌ಗೆ ಹಾಕಿದರೆ ವಾಯಿದೆ ಯಾವತ್ತು, ಹಿಂದಿನ ಸಲ ಏನಾಯಿತು ಎಂಬುದೆಲ್ಲ ಮನೆಯಲ್ಲೇ ಕಾಣುತ್ತದೆ. ಇಂಥ ಪ್ರಕರಣಗಳ ವಿಚಾರಣೆ ತೆರೆದ ಕೋರ್ಟಿನಲ್ಲೇ ನಡೆಯುತ್ತದೆ, ಯಾರು ಬೇಕಾದರೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂರಬಹುದು.

ಈಗ ಆ ಪಿಕಪ್ ಗಾಡಿಯ ವಿಷಯ. ನಿಮ್ಮ ಪತ್ರದಲ್ಲಿ ನನಗೆ ನಿದ್ದೆ ಕೆಡಿಸಿದ್ದು ಅದೇ. ಏಳು ಮೂಟೆ ಒಬ್ಬ ಹುಡುಗನ ಹೆಗಲ ಮೇಲೆ ಹೋಗುವುದಿಲ್ಲ. ಗಾಡಿ ಯಾರದು, ಕಾಫಿ ಕೊಂಡವರು ಯಾರು ಎಂಬ ದಾರಿ ನಿಮ್ಮ ಹತ್ತಿರ ಇದೆ. ಹುಡುಗ ಆ ಗಾಡಿಯವರ ಜೊತೆ ಇದ್ದಿರಬಹುದು, ಇಲ್ಲದೆಯೂ ಇದ್ದಿರಬಹುದು. ನೀವು ಬಾಯಿ ಬಿಡುವ ತನಕ ಅವನೊಬ್ಬನೇ ಕಳ್ಳ.

ಸಾಕ್ಷಿ ಹೇಳುವುದು ಸುಲಭ ಎಂದು ನಾನು ಹೇಳಲಾರೆ. ಹಿಂದೊಮ್ಮೆ ಮಹಜರಿಗೆ (ಪೊಲೀಸರು ಸ್ಥಳ ನೋಡಿ ಬರೆಯುವ ದಾಖಲೆ) ಪಂಚನಾಗಿ, ಅಂದರೆ ಸಾಕ್ಷಿಯಾಗಿ ಸಹಿ ಹಾಕಿದ್ದೆ. ಅದಕ್ಕೆ ಮೂರು ಸಲ ಕೋರ್ಟಿಗೆ ಹೋದೆ. ಒಂದು ದಿನ ಧೋ ಎಂದು ಮಳೆ. ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ವಯಸ್ಸಾದ ಹೆಂಗಸು ಕೂತಿದ್ದರು, ತೋಟದ ಕೆಲಸದವರು. ಸಮನ್ಸ್ ಕಾಗದವನ್ನು ಮೆಡಿಕಲ್ ಶಾಪಿನ ಪ್ಲಾಸ್ಟಿಕ್ ಕವರಿನಲ್ಲಿ ಮಡಚಿ ಎದೆಗೆ ಒತ್ತಿ ಹಿಡಿದಿದ್ದರು. ಸೀರೆ ಅಂಚು ಪೂರ್ತಿ ಒದ್ದೆ, ಕಾಗದ ಮಾತ್ರ ಬೆಚ್ಚಗೆ. ಮಧ್ಯಾಹ್ನ ಮೂರರ ಹೊತ್ತಿಗೆ ಕೋರ್ಟಿನವರು ಇನ್ನೊಂದು ದಿನಕ್ಕೆ ವಾಯಿದೆ ಹಾಕಿದರು. ಅವರ ಒಂದು ದಿನದ ಕೂಲಿ ಹೋಯಿತು. "ಮುಂದಿನ ಸಲ ಬರ್ತೀರಾ?" ಎಂದು ಕೇಳಿದೆ. "ನೋಡಿದ್ದೀನಲ್ಲ ಸಾರ್, ಬರದೆ ಹೆಂಗೆ?" ಎಂದರು.

ನಿಮ್ಮ ವಯಸ್ಸಿನ ಮಾತಿಗೆ ಕಾನೂನಿನಲ್ಲೇ ಉತ್ತರ ಇದೆ. 60 ದಾಟಿದವರನ್ನು ಹೇಳಿಕೆಗಾಗಿ ಪೊಲೀಸರು ಠಾಣೆಗೆ ಕರೆಸುವಂತಿಲ್ಲ, ಅವರೇ ಮನೆಗೆ ಬರಬೇಕು. ಕೋರ್ಟಿಗೆ ಸಮನ್ಸ್ ಬಂದರೆ ಹೋಗಬೇಕಾಗುತ್ತದೆ, ನಿಜ. ವಿಡಿಯೋ ಮೂಲಕ ಸಾಕ್ಷ್ಯ ಹೇಳಲು ಹೊಸ ಸಂಹಿತೆಯಲ್ಲಿ ದಾರಿ ಇದೆ, ನ್ಯಾಯಾಧೀಶರು ಒಪ್ಪಬೇಕು. ಗಾಡಿಯವರ ಭಯ ಇದ್ದರೆ ಸಾಕ್ಷಿಗೆ ರಕ್ಷಣೆ ಸಿಗುತ್ತದೆಯೇ ಎಂದು ಕೇಳಿ ನೋಡಬಹುದು. ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100. ಆ ಹುಡುಗನಿಗೆ ವಕೀಲರಿಲ್ಲದಿದ್ದರೆ ಪುಕ್ಕಟೆ ವಕೀಲರು ಸಿಗುವುದೂ ಅಲ್ಲಿಂದಲೇ.

ನೀವು ಈ ವಾರವೇ ಠಾಣೆಗೆ ಒಂದು ಕಾಗದ ಬರೆಯಿರಿ. ಗಾಡಿಯ ಬಣ್ಣ, ನಿಂತಿದ್ದ ತಿರುವು, ಹೊತ್ತು, ಇಷ್ಟು ಸಾಕು. ಅವರು ಮನೆಗೆ ಬರುವ ದಿನ ಜೊತೆಗೆ ಯಾರಾದರೂ ಬೇಕು ಅನಿಸಿದರೆ ಕಚೇರಿಗೆ ಫೋನ್ ಮಾಡಿ, ನಾನೇ ಬರುತ್ತೇನೆ. ಕೇಸಿನ ಪ್ರತಿ ವಾಯಿದೆಗೂ ನಮ್ಮ ವರದಿಗಾರರು ಹೋಗುತ್ತಾರೆ. ಅಪರಾಧ ಸಾಬೀತಾದರೆ ಹೆಸರು ಸಮೇತ ಹಾಕುತ್ತೇವೆ. ಖುಲಾಸೆಯಾದರೆ ಆ ಸುದ್ದಿಯನ್ನೂ ಬಂಧನದ ಸುದ್ದಿ ಬಂದ ಪುಟದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ ಹಾಕುತ್ತೇವೆ.

— ಸಂಪಾದಕ